ಓಲೆಯ ಬೀಗ

ಮನೆಯ ಓಲೆಗಳು ಪರರ ಕಣ್ಣಿಗೆ ಬೀಳಕೂಡದೆಂದು, ಸರ್ನ್ ಸಂಶೋಧನಾಲಯದಲ್ಲಿ ಕಲೆತ ವಿಜ್ಞಾನಿಗಳು 2014ರಲ್ಲಿ ತೆರೆದ ಪ್ರೋಟಾನ್ ಮೇಲನ್ನು ಆಶ್ರಯಿಸಬಯಸುವ ವಾಚಕರಿಗೆ ನಾವು ಎರಡು ಮಾತು ಹೇಳಬೇಕಾಗಿದೆ. ಅಲ್ಲಿ ಶೇಖರವಾದ ಓಲೆಯ ಒಡಲನ್ನು ಆ ಸಂಸ್ಥೆಯವರೂ ಓದಲಾರರು. ಆದರೆ ಅನ್ಯ ಸಂಸ್ಥೆಯ ಇ-ಮೇಲ್ ಪೆಟ್ಟಿಗೆಗೆ ಸಾಮಾನ್ಯ ರೀತಿಯಲ್ಲಿ ಕಳುಹಿದ ಓಲೆಗೆ ಆ ರಕ್ಷಣೆಯಿಲ್ಲ.

ಬೀಗದ ಕೈ ನಮ್ಮದಾದ ಮೇಲೆ ಹೊಣೆಯೂ ನಮ್ಮದೇ. ಪಾಸ್‌ವರ್ಡನ್ನು ಮರೆತು, ಮರಳಿ ಪಡೆಯುವ ಏರ್ಪಾಟನ್ನೂ ಮಾಡಿರದಿದ್ದರೆ, ಹಳೆಯ ಓಲೆಗಳನ್ನು ಯಾರೂ ತೆರೆಯಲಾರರು. ಆದುದರಿಂದ ಅಲ್ಲಿ ದೊರೆಯುವ 12 ಪದಗಳ ರಕ್ಷಾವಾಕ್ಯವನ್ನು ಕಾಗದದಲ್ಲಿ ಬರೆದು ಮನೆಯ ಪತ್ರಗಳೊಡನೆ ಭದ್ರವಾಗಿಡತಕ್ಕದ್ದು. ಅದಿರುವ ಸ್ಥಳವು ಯಜಮಾನರಿಗಲ್ಲದೆ ಗೃಹಿಣಿಗೂ ತಿಳಿದಿರಬೇಕು. ಬ್ಯಾಂಕು, ವಿಮೆಗಳಲ್ಲಿ ಹೊಸ ವಿಳಾಸವು ದಾಖಲಾಗುವವರೆಗೆ ಹಳೆಯದನ್ನು ಮುಚ್ಚಕೂಡದು.