ಕಸ ನಿಂತಿತು, ವಿಷ ನಿಲ್ಲಲಿಲ್ಲ
ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುವುದು 2012ರಲ್ಲಿ ನಿಂತಿತು, ಮಂಡೂರಿಗೆ ಹೋಗುವುದು 2014ರ ಕೊನೆಗೆ. ಎರಡೂ ಕಡೆ ಹಳ್ಳಿಯವರು ಬೀದಿಗಿಳಿದ ಮೇಲೆಯೇ. ಲಾರಿಗಳು ನಿಂತೊಡನೆ ನಗರ ಆ ಊರುಗಳನ್ನು ಮರೆತಿತು. ಮಣ್ಣು ಹಾಗೆ ಮರೆಯುವಂಥದ್ದಲ್ಲ. ಅನ್ನ, ಸಿಪ್ಪೆ, ಎಲೆ ಕೊಳೆತು ಗೊಬ್ಬರವಾಗುತ್ತವೆ. ಅವುಗಳ ಜೊತೆಗೆ ನಾವು ಎಸೆದ ಬ್ಯಾಟರಿ, ಟ್ಯೂಬ್‌ಲೈಟು, ಹಳೆಯ ಬಣ್ಣ, ಸರ್ಕ್ಯೂಟ್ ಬೋರ್ಡುಗಳಲ್ಲಿನ ಸೀಸ, ಕ್ಯಾಡ್ಮಿಯಂ, ಪಾದರಸ ಎಷ್ಟು ಕಾಲವಾದರೂ ಕೊಳೆಯುವುದಿಲ್ಲ. ಕಸದಿಂದ ಒಸರುವ ಕಪ್ಪುನೀರು ಅವನ್ನು ಹೊತ್ತುಕೊಂಡು ಮಳೆಯೊಂದಿಗೆ ತಗ್ಗಿನ ಹೊಲ, ಕೆರೆ, ಬಾವಿಗಳಿಗೆ ಇಳಿಯುತ್ತದೆ. ಅಂಥ ಮಣ್ಣಿನ ಸೊಪ್ಪೂ ಕಣ್ಣಿಗೆ ಹಸಿರಾಗಿಯೇ ಕಾಣುತ್ತದೆ, ಭಯ ಹುಟ್ಟಿಸುವುದೇ ಅದು. ಸೀಸ ಬಹುಪಾಲು ಬೇರಿನಲ್ಲೇ ತಡೆದು ನಿಲ್ಲುತ್ತದೆ. ಎಲೆಯ ಮೇಲೆ ಧೂಳಾಗಿ ಕೂತದ್ದು ತೊಳೆದರೆ ಒಂದಷ್ಟು ಹೋದೀತು. ಕ್ಯಾಡ್ಮಿಯಂ ಹಾಗಲ್ಲ. ಗಿಡ ಸತುವನ್ನು ಹೀರುವ ದಾರಿಯಲ್ಲೇ ನುಸುಳಿ ಪಾಲಕ್, ದಂಟಿನ ಎಲೆಯೊಳಗೇ ಸೇರಿಬಿಡುತ್ತದೆ, ಉಪ್ಪುನೀರಿನಲ್ಲಿ ನೆನೆಸಿದರೂ ಬಿಡದು. ತಿಂದವರ ಮೂತ್ರಪಿಂಡದಲ್ಲಿ ಅದು ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿಂಜೂ ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಅಕ್ಕಿಗೆ ಸೇರಿ, ಮುಖ್ಯವಾಗಿ ಹೆಂಗಸರ ಮೂಳೆಗಳನ್ನು ಮುರಿದ ‘ಇತಾಯಿ-ಇತಾಯಿ’ ಕಾಯಿಲೆಯನ್ನು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಸರಿಪಡಿಸಿ ಮುಗಿಸಿದ್ದು 2012ರಲ್ಲಿ. ನಮ್ಮಲ್ಲಿ ಕಸದ ಗುಡ್ಡಕ್ಕೆ ಮಣ್ಣು ಹೊದಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ತಪ್ಪು. ಸುತ್ತಲಿನ ಹೊಲದ ಮಣ್ಣು, ಸೊಪ್ಪು, ಬಾವಿನೀರನ್ನು ವರ್ಷವರ್ಷವೂ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಪಂಚಾಯಿತಿಯ ಬಾಗಿಲಲ್ಲೇ ಕನ್ನಡದಲ್ಲಿ ಅಂಟಿಸಬೇಕು. ನೀವೂ ಅಷ್ಟೆ, ಗಡಿಯಾರದ ಹಳೆಯ ಸೆಲ್ಲನ್ನು ದಯವಿಟ್ಟು ಅಡುಗೆಮನೆಯ ಕಸಕ್ಕೆ ಸೇರಿಸಬೇಡಿ.