ಮಂಚದ ಪಕ್ಕ ನಿಂತವರ ಮಾತು

ನರ್ಸ್‌ಗೆ ಬೇಕಾದದ್ದು ಕೈಗುಣ, ಯೋಚನೆಯೆಲ್ಲ ಡಾಕ್ಟರದ್ದು ಎಂದು ನಂಬಿದವರು ಅರುಣಾ ಶಾನಭಾಗ ಪ್ರಕರಣದ ತೀರ್ಪನ್ನು ಓದಬೇಕು. ಹಳದೀಪುರದ ಅರುಣಾ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿಯೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು.

ಆಹಾರ ಕೊಡುವುದನ್ನು ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಕಳಿಸಿದ ಮೂವರು ವೈದ್ಯರು, ಚೇತರಿಸಿಕೊಳ್ಳದ ಅರಿವಳಿದ ಸ್ಥಿತಿಯ ಬಹುಪಾಲು ಲಕ್ಷಣಗಳು ಇವರಲ್ಲಿವೆ ಎಂದರು. ಆಸ್ಪತ್ರೆ ಹೇಳಿದ್ದು ಬೇರೆ: ಮಲಮೂತ್ರದ ಹೊತ್ತಿಗೆ ಆಕೆ ಒಂದು ಬಗೆಯ ಸದ್ದು ಮಾಡುತ್ತಾರೆ, ಅದು ನರ್ಸ್‌ಗಳಿಗೆ ಗೊತ್ತಾಗುತ್ತದೆ. ಒಮ್ಮೆ ಬಂದು ಪರೀಕ್ಷೆ ಮಾಡಿ ಹೋಗುವವರಿಗೆ ಆ ಸದ್ದು ಬರೀ ಸದ್ದು. ಅಷ್ಟು ವರ್ಷ ಮಲಗಿದ ಮೈಯಲ್ಲಿ ಒಂದೇ ಒಂದು ಬೆಡ್‌ಸೋರ್ ಆಗಿರಲಿಲ್ಲ. ಹಗಲೂ ರಾತ್ರಿ ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ತೆಗೆದು, ಸೊಂಟದ ಮೂಳೆಯ ಮೇಲಿನ ಚರ್ಮ ಕೆಂಪಾಗಿದೆಯೇ ಎಂದು ನೋಡಿದರೆ ಮಾತ್ರ ಹಾಗೆ ಹುಣ್ಣಾಗದಂತೆ ಕಾಯಲು ಸಾಧ್ಯ. ಇದರಲ್ಲಿ ವಿದ್ಯೆ ಎಷ್ಟು, ಧರ್ಮ ಎಷ್ಟು ಎಂದು ಬಿಡಿಸಿ ಹೇಳಲು ನನಗಂತೂ ಬರುವುದಿಲ್ಲ.

2011ರ ಮಾರ್ಚ್ 7ರಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಕೆಇಎಂ ಸಿಬ್ಬಂದಿಗೇ ಸೇರಿದ್ದು ಎಂದಿತು. ಇಲ್ಲಿ ನನಗೊಂದು ತಕರಾರಿದೆ. ಆಕೆಗೆ ಏನು ನೋವು, ಏನು ಹಿತ ಎಂದು ಆರೈಕೆ ಮಾಡಿದವರು ಬಲ್ಲರು. ಹೀಗೆ ಬದುಕಿರಲು ಆಕೆ ಒಪ್ಪುತ್ತಿದ್ದರೇ ಎಂಬುದು ಮಾತ್ರ ಆರೈಕೆಯಿಂದ ತಿಳಿಯುವ ಸಂಗತಿಯಲ್ಲ. ಮಮತೆ ಕೂಡ ಕಣ್ಣು ಕಟ್ಟುತ್ತದೆ. ಆದ್ದರಿಂದ ನರ್ಸ್ ಮಾತೇ ಕೊನೆಯ ಮಾತಾಗಲಿ ಎಂದು ನಾನು ವಾದಿಸಲಾರೆ; ಆದರೆ ಆ ಮಾತು ಕೇಳದೆ ಮಾಡಿದ ತೀರ್ಮಾನ ಅರ್ಧ ಕುರುಡು.

ಈಗಿನ ನಿಯಮ ಆ ಮಾತನ್ನು ಕೇಳುವುದೇ ಇಲ್ಲ. ಗುಣವಾಗದ ರೋಗಿಯ ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಸುಪ್ರೀಂ ಕೋರ್ಟು 2018ರಲ್ಲಿ ವಿಧಾನ ರೂಪಿಸಿ 2023ರಲ್ಲಿ ಸರಳಗೊಳಿಸಿತು. 2025ರಲ್ಲಿ ಕರ್ನಾಟಕ ಅದರ ಜಾರಿಗೆ ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸಲು ಎರಡು ಮಂಡಳಿಗಳು, ಎರಡರಲ್ಲೂ ವೈದ್ಯರೇ. ನರ್ಸ್‌ಗೆ ಮತ ಕೊಡದಿದ್ದರೂ ಸರಿ, ರೋಗಿಯನ್ನು ನೋಡಿಕೊಂಡ ನರ್ಸ್ ಕಂಡದ್ದನ್ನು ಬರೆಸಿಕೊಂಡು, ಓದಿ, ಆಮೇಲೆ ಮಂಡಳಿ ಸಹಿ ಹಾಕಲಿ. ಕರ್ನಾಟಕ ಸರ್ಕಾರ ತನ್ನ ಆದೇಶಕ್ಕೆ ಇದೊಂದು ಸಾಲು ಸೇರಿಸಬೇಕು.