ಮೈಮರೆತ ಗಳಿಗೆಯೂ ದೇವರ ಕರುಣೆಯೂ

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಬೆಳೆದ ಹೆಣ್ಣುಮಕ್ಕಳ ಮನಸ್ಸನ್ನು ಗುಪ್ತವಾಗಿ ಕೊರೆಯುವ ಭಯವೊಂದುಂಟು. ಅದನ್ನು ಅವರು ತಾಯಿಗೂ ಹೇಳುವದಿಲ್ಲ. ಸಭಾಪಾಲಕರ ಮುಂದೆ ಹೇಳುವ ಮಾತಂತೂ ದೂರವೇ ಉಳಿಯಿತು. ಬೇಕೆಂದೇ ದುಷ್ಕೃತ್ಯ ಮಾಡಿದವರಿಗೆ ಈ ಭಯವು ಬರುವದು ಅಪರೂಪ. ಮೈಮರೆತ ಗಳಿಗೆಯಲ್ಲಿ ಬಾಯಿಂದ ಬಿದ್ದ ಒಂದು ಮಾತು, ಪ್ರಾರ್ಥನೆಯ ನಡುವೆ ಸುಳಿದು ಹೋದ ಒಂದು ಕೆಟ್ಟ ಯೋಚನೆ, ವಿಚಾರಿಸದೆ ಮುಗಿದ ಕೈ, ಇಷ್ಟರಿಂದಲೇ ತಾನು ಕ್ರಿಸ್ತನನ್ನು ಅಲ್ಲಗಳೆದೆನೆಂದೂ ಕ್ಷಮಾಪಣೆಯಿಲ್ಲದ ಪಾಪದಲ್ಲಿ ಬಿದ್ದೆನೆಂದೂ ಸೂಕ್ಷ್ಮಮನಸ್ಸಿನ ಹುಡುಗಿಯು ತಿಳಿದು ನಿದ್ದೆಗೆಡುತ್ತಾಳೆ. “ಅಕ್ಕಾರ, ದೇವರು ನನ್ನ ಕೈ ಬಿಟ್ಟಾನೇನ್ರಿ?” ಎಂದು ಬಾಯಿಬಿಟ್ಟು ಕೇಳುವ ಧೈರ್ಯವು ಎಷ್ಟು ಮಂದಿಗೆ ಬಂದೀತು?

ನಮ್ಮ ನಾಡಿನದೇ ಒಂದು ಸಂಗತಿಯನ್ನು ಎತ್ತಿಕೊಳ್ಳೋಣ. ವಿಜಯಪುರದ ಪಶ್ಚಿಮಕ್ಕೆ ತೊರವಿ ಎಂಬ ಗ್ರಾಮವುಂಟು. ಅಲ್ಲಿಯ ನರಸಿಂಹದೇವರ ಗುಡಿಯು ಬಹು ಪ್ರಾಚೀನವಾದದ್ದು. ಆ ದೇವರ ಭಕ್ತನಾದ ನರಹರಿಯು ಭಾಮಿನೀ ಷಟ್ಪದಿಯಲ್ಲಿ ಬರೆದ ರಾಮಾಯಣಕ್ಕೆ ಆ ಊರಿನ ಹೆಸರೇ ನಿಂತಿರುತ್ತದೆ. 2003ರಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಧರಿಸಿರುವ ಮಹಿಳಾ ವಿಶ್ವವಿದ್ಯಾನಿಲಯವು ಇರುವದೂ ಅಲ್ಲಿಯೇ. ನಮ್ಮಂಥ ಶಾಲೆಯನ್ನು ಬಿಟ್ಟ ಒಬ್ಬ ಕ್ರೈಸ್ತ ಹುಡುಗಿಯು ಮುಂದಿನ ವಿದ್ಯೆಗಾಗಿ ಅಲ್ಲಿಗೆ ಹೋಗಿರುವಳೆಂದು ಭಾವಿಸಿರಿ. ಹಬ್ಬದ ದಿವಸ ಗೆಳತಿಯು ಗುಡಿಯಿಂದ ಬಂದು ಕೊಬ್ಬರಿಸಕ್ಕರೆಯನ್ನು ಅಂಗೈಯಲ್ಲಿ ಇಡುತ್ತಾಳೆ. ಮಾತಿನ ಭರದಲ್ಲಿ ಇವಳು ಅದನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಎಲ್ಲರೂ ಹಾಗೆ ಮಾಡುವದನ್ನು ಕಂಡು ಕೈಯು ತಾನಾಗಿಯೇ ಮಾಡಿತು, ಅಷ್ಟೇ. ರಾತ್ರಿ ದೀಪ ಆರಿಸಿದ ಮೇಲೆ ಅದು ನೆನಪಿಗೆ ಬರುತ್ತದೆ. ಬಾಲ್ಯದಲ್ಲಿ ಕೇಳಿದ ಪ್ರಸಂಗಗಳೆಲ್ಲ ಎದ್ದು ನಿಂತು ಅವಳ ಮೇಲೆ ಸಾಕ್ಷಿ ಹೇಳುತ್ತವೆ.

ಈ ಹುಡುಗಿಗೆ ಸತ್ಯವೇದವು ಏನನ್ನುತ್ತದೆ? ಅರಾಮ್ ದೇಶದ ಸೇನಾಪತಿಯಾದ ನಾಮಾನನ ವೃತ್ತಾಂತವು ಅರಸುಗಳ ಎರಡನೆಯ ಪುಸ್ತಕದ ಐದನೆಯ ಅಧ್ಯಾಯದಲ್ಲಿರುತ್ತದೆ. ಕುಷ್ಠವು ವಾಸಿಯಾದ ಬಳಿಕ ಇನ್ನು ಮೇಲೆ ಇಸ್ರಾಯೇಲಿನ ದೇವರನ್ನು ಹೊರತು ಯಾರನ್ನೂ ಆರಾಧಿಸೆನೆಂದು ಅವನು ನಿಶ್ಚಯಿಸಿದನು. ಆದರೂ ಒಂದು ಸಂಕಟವು ಅವನಿಗೆ ಉಳಿಯಿತು. ಅವನ ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ಇವನ ಕೈಯನ್ನು ಆತುಕೊಳ್ಳುವ ಪದ್ಧತಿ. ಅರಸನು ಬಾಗಿದರೆ ಇವನೂ ಬಾಗಬೇಕು. ಇದನ್ನು ಕರ್ತನು ಕ್ಷಮಿಸಲಿ ಎಂದು ಅವನು ಮುಂಚಿತವಾಗಿಯೇ ಬೇಡಿಕೊಂಡನು. ಪ್ರವಾದಿಯಾದ ಎಲೀಷನು ಅವನನ್ನು ಗದರಿಸಲಿಲ್ಲ, ಪರೀಕ್ಷಿಸಲಿಲ್ಲ. ಸಮಾಧಾನದಿಂದ ಹೋಗೆಂದು ಕಳುಹಿಸಿಬಿಟ್ಟನು. ನಾಮಾನನು ತಿಳಿದು ಮಾಡಲಿದ್ದದ್ದಕ್ಕೆ ಸಮಾಧಾನವು ದೊರೆತಿರುವಾಗ ತಿಳಿಯದೆ ಕೈಯೆತ್ತಿದ ಹುಡುಗಿಗೆ ಅದು ದೊರೆಯದೇ?

ಕೊರಿಂಥದ ಸಭೆಯಲ್ಲಿಯೂ ಇದೇ ಪ್ರಶ್ನೆಯೆದ್ದಿತ್ತು. ಆಹಾರವು ನಮ್ಮನ್ನು ದೇವರಿಗೆ ಹತ್ತಿರ ಮಾಡುವದೂ ಇಲ್ಲ, ದೂರ ಮಾಡುವದೂ ಇಲ್ಲವೆಂಬದು ಅಪೊಸ್ತಲನಾದ ಪೌಲನ ಮತ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆಮಾಡದೆ ಉಣ್ಣಬಹುದು. ಇದು ನೈವೇದ್ಯವೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ ಬಿಡಬೇಕು. ಆದಕಾರಣ ನಮ್ಮ ಹುಡುಗಿಯು ಮಾಡಿದ್ದು ಏನೂ ಅಲ್ಲವೆಂದು ನಾನು ಹೇಳುವದಿಲ್ಲ. ಆರಾಧನೆ ಮೀಸಲಾದ ವಸ್ತು. ಅದರ ಗುರುತುಗಳನ್ನು ಹಗುರಾಗಿ ಬಳಸುವದು ಗೆಳತಿಯ ಭಕ್ತಿಗೂ ತನ್ನ ಭಕ್ತಿಗೂ ಒಳ್ಳೇದಲ್ಲ. ಆದರೆ ಅಜಾಗ್ರತೆಗೆ ಅಜಾಗ್ರತೆಯೆಂದೇ ಹೆಸರಿಡಬೇಕು, ಮತತ್ಯಾಗವೆಂದು ಹೆಸರಿಡಕೂಡದು. ಕ್ರಿಸ್ತನನ್ನು ತೊರೆಯುವದು ಮನಸ್ಸಿನ ಕೆಲಸ. ಕೈ ತಾನಾಗಿ ಅದನ್ನು ಮಾಡಲಾರದು.

ಇಲ್ಲಿ ಇನ್ನೊಂದು ಮಾತು. ಹೆದರಿದ ಹುಡುಗಿಯು ಮರುದಿನದಿಂದ ಗೆಳತಿಯನ್ನೇ ದೂರಮಾಡುವದುಂಟು. ಇದು ಮೊದಲಿನದಕ್ಕಿಂತ ಹೆಚ್ಚಿನ ತಪ್ಪು. ಕೊಬ್ಬರಿಸಕ್ಕರೆಯನ್ನು ಕೊಟ್ಟ ಕೈಯಲ್ಲಿ ಪ್ರೀತಿಯಿತ್ತು. ಮೋಗ್ಲಿಂಗ್ ಪಾದ್ರಿಯವರು ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ಕಿಟ್ಟೆಲ್ ಪಾದ್ರಿಯವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪ್ರಕಟಿಸಿ 1894ರಲ್ಲಿ ತಮ್ಮ ಮಹಾನಿಘಂಟನ್ನು ಮುಗಿಸಿದರು. ಅನ್ಯಧರ್ಮದವರ ಗ್ರಂಥವನ್ನು ಮುಟ್ಟಿದರೆ ತಮ್ಮ ರಕ್ಷಣೆಯು ಕರಗಿಹೋದೀತೆಂದು ಅವರು ನಡುಗಿದ್ದರೆ ಕನ್ನಡಿಗರಿಗೆ ಆ ನಿಘಂಟು ಎಲ್ಲಿಂದ ಬರುತ್ತಿತ್ತು?

ಯೋಚನೆಯಿಂದಲೇ ಆಗುವ ಭಯಕ್ಕೆ ಜಾನ್ ಬನ್ಯನ್‌ನಿಗಿಂತ ಒಳ್ಳೇ ಸಾಕ್ಷಿಯು ಸಿಕ್ಕಲಾರದು. ಆತನ ಹೆಸರುವಾಸಿಯಾದ ಗ್ರಂಥವನ್ನು ಯಾತ್ರಿಕನ ಸಂಚಾರವೆಂಬ ಹೆಸರಿನಿಂದ ನಮ್ಮ ಮನೆಗಳಲ್ಲಿ ಓದುತ್ತ ಬಂದಿದ್ದೇವೆ. ಆದರೆ 1666ರಲ್ಲಿ ಆತನು ಪ್ರಕಟಿಸಿದ ಆತ್ಮವೃತ್ತಾಂತವನ್ನು ಓದಿದವರು ಕಡಿಮೆ. ಕ್ರಿಸ್ತನನ್ನು ಮಾರಿಬಿಡೆಂಬ ಯೋಚನೆಯು ಆತನನ್ನು ಹಗಲಿರುಳು ಪೀಡಿಸಿತು. ಉಣ್ಣುವಾಗಲೂ ಬಿಡಲಿಲ್ಲ. ಆತನು ಇಲ್ಲ, ಇಲ್ಲವೆಂದು ಹೋರಾಡಿ ಹೋರಾಡಿ ಬಳಲಿ, ಒಂದು ಮುಂಜಾನೆ ಹಾಸಿಗೆಯಲ್ಲಿರುವಾಗ, ಬೇಕಾದರೆ ಆತನು ಹೋಗಲಿ ಎಂಬ ಭಾವನೆಯು ಮನಸ್ಸನ್ನು ಹಾದುಹೋಯಿತು. ಅದೊಂದೇ ಗಳಿಗೆ! ಅದರ ನಿಮಿತ್ತ ಜನ್ಮದ ಹಕ್ಕನ್ನು ಮಾರಿಕೊಂಡ ಏಸಾವನೊಡನೆ ತನ್ನನ್ನು ಹೋಲಿಸಿಕೊಂಡು ಬಹುಕಾಲ ಬಾಧೆಪಟ್ಟನು. ಆದರೆ ದೇವರು ಆತನನ್ನು ಬಿಟ್ಟಿದ್ದನೋ? ಅದೇ ಮನುಷ್ಯನು ಸುವಾರ್ತೆಯನ್ನು ಸಾರಿದ್ದಕ್ಕಾಗಿ 1660ರಿಂದ 1672ರ ವರೆಗೆ ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದನು. 1678ರಲ್ಲಿ ಯಾತ್ರಿಕನ ಕಥೆಯನ್ನು ಲೋಕಕ್ಕೆ ಕೊಟ್ಟನು. ಆ ಕಥೆಯಲ್ಲಿ ಸಂಶಯದ ಕೋಟೆಯೂ ನಿರಾಶೆಯೆಂಬ ರಾಕ್ಷಸನೂ ಬರುವದು ಸುಮ್ಮನೆ ಅಲ್ಲ.

ಕ್ಷಮಾಪಣೆಯಿಲ್ಲದ ಪಾಪದ ಮಾತನ್ನು ಸ್ವಾಮಿಯು ಯಾರಿಗೆ ಹೇಳಿದನೆಂಬದನ್ನು ಮಾರ್ಕನ ಮೂರನೆಯ ಅಧ್ಯಾಯದಲ್ಲಿ ನೋಡಿರಿ. ಕಣ್ಣೆದುರಿಗೆ ನಡೆದ ಒಳ್ಳೇ ಕಾರ್ಯವನ್ನು ದೆವ್ವದ ಕಾರ್ಯವೆಂದು ಹಟದಿಂದ ಸಾಧಿಸುತ್ತಿದ್ದ ಶಾಸ್ತ್ರಿಗಳಿಗೆ ಆ ಎಚ್ಚರಿಕೆ. ಅವರಿಗೆ ಅಳು ಬಂದಿರಲಿಲ್ಲ. ಪೇತ್ರನಾದರೋ ಮೂರು ಸಾರಿ ಬಾಯಿಬಿಟ್ಟು ಅಲ್ಲಗಳೆದನು, ಹೊರಗೆ ಹೋಗಿ ಅತ್ತನು. ಕರ್ತನು ಅವನಿಗೇ ಕುರಿಗಳನ್ನು ಒಪ್ಪಿಸಿದನು. ದೇವರನ್ನು ಕಳೆದುಕೊಂಡೆನೋ ಎಂದು ಅಳುವವಳು ದೇವರನ್ನು ಬಯಸುತ್ತಾಳೆ. ಆ ಬಯಕೆಯು ಪವಿತ್ರಾತ್ಮನ ಕೊಡುಗೆಯಲ್ಲದೆ ಮತ್ತೇನು?

ಮನಸ್ಸಾಕ್ಷಿಗೂ ಬರಿಯ ಭಯಕ್ಕೂ ಇರುವ ಭೇದವನ್ನು ಹುಡುಗಿಯರಿಗೆ ಕಲಿಸಬೇಕು. ಮನಸ್ಸಾಕ್ಷಿಯು ಇಂಥದನ್ನು ಮಾಡಿದಿ, ಹೋಗಿ ಸರಿಪಡಿಸು ಎಂದು ದಾರಿ ತೋರಿಸಿ ಸುಮ್ಮನಾಗುತ್ತದೆ. ಭಯವು ದಾರಿಯನ್ನೇ ತೋರಿಸುವದಿಲ್ಲ. ಇನ್ನೊಮ್ಮೆ ಪ್ರಾರ್ಥಿಸು, ಇನ್ನೊಮ್ಮೆ, ಮೊದಲಿನದು ಸರಿಯಾಗಲಿಲ್ಲ ಎಂದು ಪೀಡಿಸುತ್ತದೆ. ಆದಿಲಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ವಿಜಾಪುರಕ್ಕೆ ನೆಲದೊಳಗಿಂದ ನೀರು ತರುವಾಗ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡವು ಅಲ್ಲಿ ಇಳಿದು ಕೆಸರು ತಳಕ್ಕೆ ಕೂಡುತ್ತಿತ್ತು. ನೀರು ಮುಂದೆ ಹೋಗುತ್ತಿತ್ತು. ಪಾಪನಿವೇದನೆಯು ಅಂಥ ಸ್ಥಳವಾಗಿರಬೇಕು. ತಳದ ಕೆಸರನ್ನು ದಿನಾಲೂ ಕಲಕಿದರೆ ಊರಿಗೆ ಬರುವದು ಕೆಸರುನೀರೇ.

ಒಮ್ಮೆ ದೇವರ ಮುಂದೆ ಹೇಳಿ, ಯಾರಿಗಾದರೂ ನೋವಾಗಿದ್ದರೆ ಅವರನ್ನು ಕ್ಷಮೆ ಕೇಳಿ, ಎದ್ದು ತನ್ನ ಕೆಲಸಕ್ಕೆ ಹೋಗತಕ್ಕದ್ದು. ಹಾಗೆ ಮಾಡಿದರೂ ಅದೇ ಯೋಚನೆಯು ತಿಂಗಳುಗಟ್ಟಲೆ ಬಿಡದೆ ಊಟನಿದ್ರೆಗಳನ್ನು ಕೆಡಿಸಿದರೆ ಅದು ರೋಗವಾಗಿರಬಹುದೆಂದೂ, ಅದಕ್ಕೆ ಚಿಕಿತ್ಸೆಯುಂಟೆಂದೂ ಇಂದಿನ ವೈದ್ಯಶಾಸ್ತ್ರವು ತಿಳಿಸುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಮಗಳನ್ನು ಕರೆದುಕೊಂಡು ಹೋಗುವದು, ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗುವದಕ್ಕಿಂತ ಹೆಚ್ಚಿನ ಅವಿಶ್ವಾಸವೇನೂ ಅಲ್ಲ.

ಉಳಿದದ್ದು ಹಿರಿಯರಾದ ನಮ್ಮ ಪಾಲಿನ ಕೆಲಸ. ಮಕ್ಕಳನ್ನು ಹದ್ದಿನಲ್ಲಿಡುವದಕ್ಕೆ ನರಕದ ಹೆಸರನ್ನು ಹೇಳುವದು ಸುಲಭವಾದ ಉಪಾಯ. ತುಂಟರು ಅದಕ್ಕೆ ಹೆದರುವದಿಲ್ಲ, ಹೆದರತಕ್ಕವರಲ್ಲದವರೇ ಹೆದರುತ್ತಾರೆ. ಭಾನುವಾರದ ಶಾಲೆಯಲ್ಲಿ ನಾಮಾನನ ಪಾಠವನ್ನು ಕುಷ್ಠವು ವಾಸಿಯಾದಲ್ಲಿಗೆ ನಿಲ್ಲಿಸುವದು ನಮ್ಮಲ್ಲಿ ವಾಡಿಕೆ. ಇನ್ನು ಮೇಲೆ ಹದಿನೇಳು, ಹದಿನೆಂಟು, ಹತ್ತೊಂಬತ್ತನೆಯ ವಚನಗಳನ್ನೂ ಸೇರಿಸಿ ಓದಿಸಿರಿ.